ಜೀರ್ಣಾಂಗಗಳಲ್ಲಿ ವೈರಾಣುವಿನ ಶೇಷವೂ ಶಸ್ತ್ರಚಿಕಿತ್ಸೆಯ ಕಾಲನಿರ್ಣಯವೂ

೧. ವಿಷಯೋಪಕ್ರಮ

ಕೋಲಾರದ ಪ್ರಾಚೀನನಾಮವು ಕುವಳಾಲಪುರವೆಂಬುದು ಶಾಸನಗಳನ್ನು ಬಲ್ಲವರಿಗೆಲ್ಲ ವಿದಿತವಾದ ಸಂಗತಿ. ಗಂಗರಾಜರು ಮೊದಲು ಇಲ್ಲಿಂದ ಆಳಿ, ಅನಂತರ ತಮ್ಮ ರಾಜಧಾನಿಯನ್ನು ಕಾವೇರೀತೀರದ ತಲಕಾಡಿಗೆ ಸಾಗಿಸಿದರು. ಹಾಗೆ ಸಾಗಿಸಿದ ಮೇಲೂ ‘ಕುವಳಾಲಪುರವರೇಶ್ವರ’ ಎಂಬ ಬಿರುದು ಅವರ ಶಾಸನಗಳಲ್ಲಿ ತಲೆತಲಾಂತರವಾಗಿ ಉಳಿದುಬಂದಿತು. ಬಿ. ಎಲ್. ರೈಸ್ ಅವರು ೧೯೦೫ರಲ್ಲಿ ಪ್ರಕಟಿಸಿದ ಎಪಿಗ್ರಾಫಿಯ ಕರ್ನಾಟಿಕದ ಹತ್ತನೆಯ ಸಂಪುಟವು ಈ ಜಿಲ್ಲೆಯ ಶಾಸನಗಳಿಗೇ ಮೀಸಲಾದುದು. ಶಾಸನವೊಂದರಲ್ಲಿ ಈ ಬಿರುದನ್ನು ಕಂಡಮಾತ್ರಕ್ಕೆ, ಅದನ್ನು ಕಂಡರಿಸಿದ ದಿನ ಅರಸನು ಕೋಲಾರದಲ್ಲಿಯೇ ಕುಳಿತು ಆಳುತ್ತಿದ್ದನೆಂದು ಯಾವ ವಿದ್ವಾಂಸನೂ ತೀರ್ಮಾನಿಸಲಾರನು. ಗುರುತು ಉಳಿಯುವುದು ಬೇರೆ; ಅಧಿಕಾರ ಉಳಿಯುವುದು ಬೇರೆ.

ಶಾಸನಪಠನದಲ್ಲಿ ಬೇಕಾದ ಈ ವಿವೇಕವೇ ವೈದ್ಯಶಾಸ್ತ್ರದ ಒಂದು ಹೊಸ ಪ್ರಶ್ನೆಗೂ ಬೇಕಾಗಿದೆ. ಕೋವಿಡ್ ರೋಗದಿಂದ ಗುಣಹೊಂದಿದವರ ಕರುಳಿನಲ್ಲಿಯೂ ಇತರ ಜೀರ್ಣಾಂಗಗಳಲ್ಲಿಯೂ ವೈರಾಣುವಿನ ಗುರುತುಗಳು ತಿಂಗಳುಗಟ್ಟಲೆ ಉಳಿದಿರುತ್ತವೆಂದು ೨೦೨೦ರಿಂದೀಚೆಗೆ ಹಲವು ದೇಶಗಳ ಸಂಶೋಧಕರು ತೋರಿಸಿಕೊಟ್ಟಿದ್ದಾರೆ. ಅಂತಹವರಿಗೆ ಹೊಟ್ಟೆಯ ಶಸ್ತ್ರಚಿಕಿತ್ಸೆ ಬೇಕಾಗಿಬಂದರೆ ಏನು ಮಾಡತಕ್ಕದ್ದು? ಕತ್ತರಿ ಆಡಿಸುವ ವೈದ್ಯನಿಗೆ ಸೋಂಕು ತಗಲುವ ಭಯವಿದೆಯೆ? ಕತ್ತರಿಗೆ ಒಳಗಾಗುವ ರೋಗಿಗೆ ಹೆಚ್ಚಿನ ಅಪಾಯವಿದೆಯೆ? ಎಷ್ಟು ದಿನ ಕಾಯುವುದು ಯುಕ್ತ? ಅತಿಯಾಗಿ ಕಾದರೆ ಮೂಲರೋಗವೇ ಬೆಳೆದು ಪ್ರಾಣಕ್ಕೆ ಎರವಾದೀತು. ಆತುರಪಟ್ಟರೆ ಶ್ವಾಸಕೋಶಗಳು ಸೋತು ಪ್ರಾಣಹಾನಿಯಾದೀತು. ಆದುದರಿಂದ ಇದು ಪಂಡಿತರ ಚರ್ಚೆಗೆ ಮಾತ್ರ ಬಿಡಬಹುದಾದ ವಿಷಯವಲ್ಲ.

ಕೋಲಾರ ಜಿಲ್ಲೆಗೆ ಈ ರೋಗವು ತಡವಾಗಿ ಕಾಲಿಟ್ಟಿತು. ೨೦೨೦ರ ಏಪ್ರಿಲ್ ಅಂತ್ಯದಲ್ಲಿ ಕೇಂದ್ರ ಸರ್ಕಾರವು ಜಿಲ್ಲೆಗಳನ್ನು ಕೆಂಪು, ಕಿತ್ತಳೆ, ಹಸುರು ಎಂದು ವಿಂಗಡಿಸಿದಾಗ ಕೋಲಾರವು ಹಸುರು ವಲಯದಲ್ಲಿತ್ತು. ಮೇ ತಿಂಗಳ ನಡುವಿನಲ್ಲಿ ಆಂಧ್ರದ ಗಡಿಗೆ ಅಂಟಿಕೊಂಡಿರುವ ಮುಳಬಾಗಿಲು ತಾಲ್ಲೂಕಿನಲ್ಲಿ ಜಿಲ್ಲೆಯ ಮೊದಲ ಸೋಂಕುಗಳು ಗೊತ್ತಾದುವು. ಅಲ್ಲಿಂದ ಮುಂದೆ ಕೋಲಾರ, ಮಾಲೂರು, ಶ್ರೀನಿವಾಸಪುರಗಳಲ್ಲಿ ಸೋಂಕು ಕಾಣದ ತಾಲ್ಲೂಕೆಂಬುದೇ ಉಳಿಯಲಿಲ್ಲ. ಇಂದು ಈ ಸೀಮೆಯ ಆಸ್ಪತ್ರೆಗಳಿಗೆ ಹೊಟ್ಟೆನೋವೆಂದು ಬರುವವರಲ್ಲಿ ಒಮ್ಮೆಯಾದರೂ ಈ ವೈರಾಣುವನ್ನು ಕಂಡವರೇ ಬಹುಮಂದಿ ಎಂದು ಭಾವಿಸಬೇಕಾಗುತ್ತದೆ.

೨. ವೈರಾಣುವು ಕರುಳನ್ನು ಸೇರುವ ಬಗೆ

ಕೋವಿಡ್ ಎಂಬುದು ಮೂಗು, ಗಂಟಲು, ಶ್ವಾಸಕೋಶಗಳ ರೋಗವೆಂದೇ ಜನರಲ್ಲಿ ಪ್ರಸಿದ್ಧವಾಗಿದೆ. ಆದರೆ ವೈರಾಣುವು ಜೀವಕೋಶದೊಳಗೆ ಹೋಗಬೇಕಾದರೆ ಆ ಕೋಶದ ಮೈಮೇಲೆ ಅದಕ್ಕೆ ಒಪ್ಪುವ ಒಂದು ಹಿಡಿಕೆ ಇರಬೇಕು. ಎ.ಸಿ.ಇ.೨ ಎಂಬ ಪ್ರೋಟೀನು ಈ ವೈರಾಣುವಿಗೆ ಅಂತಹ ಹಿಡಿಕೆ. ಈ ಪ್ರೋಟೀನು ಶ್ವಾಸನಾಳಗಳಲ್ಲಿರುವುದು ನಿಜವಾದರೂ, ಸಣ್ಣ ಕರುಳಿನ ಒಳಪೊರೆಯ ಕೋಶಗಳಲ್ಲಿ ಅದಕ್ಕಿಂತಲೂ ಯಥೇಚ್ಛವಾಗಿದೆ. ಅನ್ನರಸವನ್ನು ಹೀರಿಕೊಳ್ಳುವ ಈ ಕೋಶಗಳೇ ವೈರಾಣುವಿಗೂ ಬಾಗಿಲಾಗುತ್ತವೆ. ರೋಗಿಗಳಲ್ಲಿ ಕೆಲವರಿಗೆ ಕೆಮ್ಮಿನ ಜೊತೆಗೆ ಭೇದಿ, ವಾಕರಿಕೆ, ಹೊಟ್ಟೆನೋವುಗಳು ಕಾಣಿಸಿಕೊಂಡುದಕ್ಕೆ ಇದು ಕಾರಣ.

೨೦೨೦ರಲ್ಲಿಯೇ ಚೀನಾದೇಶದಿಂದ ಬಂದ ಎರಡು ವರದಿಗಳು ಈ ವಿಷಯವನ್ನು ಸ್ಪಷ್ಟಪಡಿಸಿದುವು. ಒಂದರಲ್ಲಿ ಪರೀಕ್ಷಿಸಿದ ೭೩ ಮಂದಿ ರೋಗಿಗಳ ಪೈಕಿ ೩೯ ಮಂದಿಯ ಮಲದಲ್ಲಿ ವೈರಾಣುವಿನ ಆರ್.ಎನ್.ಎ. ಕಂಡುಬಂದಿತು; ೧೭ ಮಂದಿಯಲ್ಲಿ ಮೂಗು ಗಂಟಲುಗಳ ಪರೀಕ್ಷೆ ಶುದ್ಧವಾದ ಮೇಲೂ ಮಲದಲ್ಲಿ ಅದು ಉಳಿದಿತ್ತು. ಇನ್ನೊಂದರಲ್ಲಿ, ಮಲದಲ್ಲಿ ಗುರುತು ಕಂಡ ೪೧ ಮಂದಿಯಲ್ಲಿ ಅದು ಗಂಟಲಿನಿಂದ ಮರೆಯಾಗುವುದಕ್ಕೆ ಸರಾಸರಿ ಸುಮಾರು ೧೭ ದಿನಗಳೂ ಮಲದಿಂದ ಮರೆಯಾಗುವುದಕ್ಕೆ ಸುಮಾರು ೨೮ ದಿನಗಳೂ ಹಿಡಿದುವು. ಅಮೆರಿಕದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾನಿಲಯದವರು ೧೧೩ ಮಂದಿಯನ್ನು ಅನುಸರಿಸಿ ನೋಡಿ ೨೦೨೨ರಲ್ಲಿ ಪ್ರಕಟಿಸಿದ ಲೆಕ್ಕದಂತೆ, ಮೊದಲನೆಯ ವಾರದಲ್ಲಿ ಹೆಚ್ಚುಕಡಮೆ ಅರ್ಧ ಮಂದಿಯ ಮಲದಲ್ಲಿಯೂ, ನಾಲ್ಕು ತಿಂಗಳ ಮೇಲೆ ನೂರಕ್ಕೆ ೧೨.೭ ಮಂದಿಯಲ್ಲಿಯೂ, ಏಳು ತಿಂಗಳ ಮೇಲೆ ನೂರಕ್ಕೆ ೩.೮ ಮಂದಿಯಲ್ಲಿಯೂ ಈ ಗುರುತು ಉಳಿದಿತ್ತು.

ಮಲವನ್ನು ಬಿಟ್ಟು ಅಂಗಾಂಶಗಳನ್ನೇ ನೋಡಿದವರ ಅನುಭವವೂ ಹೀಗೆಯೇ ಇದೆ. ೨೦೨೧ರಲ್ಲಿ ಪ್ರಕಟವಾದ ನ್ಯೂಯಾರ್ಕಿನ ಒಂದು ಸಂಶೋಧನೆಯಲ್ಲಿ, ರೋಗ ಬಂದು ಸುಮಾರು ನಾಲ್ಕು ತಿಂಗಳಾದ ೧೪ ಮಂದಿಯ ಸಣ್ಣ ಕರುಳಿನಿಂದ ತೆಗೆದ ತುಣುಕುಗಳಲ್ಲಿ ೭ ಮಂದಿಯವು ವೈರಾಣುವಿನ ಅಂಶವನ್ನು ತೋರಿಸಿದುವು. ಆಸ್ಟ್ರಿಯಾದ ಇನ್ಸ್‌ಬ್ರುಕ್ ನಗರದವರು ಕರುಳುರಿತದ ದೀರ್ಘವ್ಯಾಧಿಯುಳ್ಳ ೪೬ ಮಂದಿಯನ್ನು ಸೋಂಕಿನ ಅನಂತರ ಸುಮಾರು ಏಳು ತಿಂಗಳಿಗೆ ಪರೀಕ್ಷಿಸಿದಾಗ ೩೨ ಮಂದಿಯ ಕರುಳಿನಲ್ಲಿ ಆರ್.ಎನ್.ಎ. ದೊರೆಯಿತು. ಸಿಂಗಪುರದವರು ಗುಣಹೊಂದಿದ ಐವರಲ್ಲಿ ಕರುಳು, ಅಪೆಂಡಿಕ್ಸ್, ಪಿತ್ತಕೋಶ, ಯಕೃತ್ತು ಮೊದಲಾದೆಡೆಗಳಲ್ಲಿ ವೈರಾಣುವಿನ ಪ್ರೋಟೀನನ್ನು ಗುರುತಿಸಿದರು. ೨೦೨೪ರಲ್ಲಿ ಪ್ರಕಟವಾದ ಬೀಜಿಂಗ್ ನಗರದ ವರದಿಯು ಇನ್ನೂ ವಿಸ್ತಾರವಾದುದು. ಅದರಂತೆ, ಸೋಂಕಿನಿಂದ ಒಂದು ತಿಂಗಳಿಗೆ ತೆಗೆದ ೫೩ ಅಂಗಾಂಶಗಳಲ್ಲಿ ೧೬, ಎರಡು ತಿಂಗಳಿಗೆ ತೆಗೆದ ೧೪೧ರಲ್ಲಿ ೩೮, ನಾಲ್ಕು ತಿಂಗಳಿಗೆ ತೆಗೆದ ೬೬ರಲ್ಲಿ ೭ ಮಾತ್ರ ಗುರುತನ್ನು ಉಳಿಸಿಕೊಂಡಿದ್ದುವು. ಶೇಷವು ಉಳಿಯುತ್ತದೆ, ಕಾಲಕ್ರಮದಲ್ಲಿ ಕ್ಷೀಣಿಸುತ್ತದೆ ಎಂಬ ಎರಡು ಮಾತುಗಳೂ ಇದರಿಂದ ಸಿದ್ಧವಾಗುತ್ತವೆ.

೩. ಶೇಷವೆಂದರೇನು?

ಪರೀಕ್ಷೆಯು ಏನನ್ನು ಹಿಡಿಯುತ್ತದೆಂಬುದನ್ನು ತಿಳಿಯದೆ ಮೇಲಿನ ಅಂಕಿಗಳಿಗೆ ಅರ್ಥ ಹೇಳಲಾಗದು. ಈ ವೈರಾಣುವಿನ ವಂಶಲಿಪಿಯು ಸುಮಾರು ಮೂವತ್ತು ಸಾವಿರ ಅಕ್ಷರಗಳ ಒಂದು ಗ್ರಂಥವಿದ್ದಂತೆ. ರೂಢಿಯಲ್ಲಿರುವ ಆರ್.ಟಿ.ಪಿ.ಸಿ.ಆರ್. ಪರೀಕ್ಷೆಯು ಅದರಲ್ಲಿ ನೂರು ಅಕ್ಷರಗಳ ಆಸುಪಾಸಿನ ಒಂದೆರಡು ಭಾಗಗಳನ್ನು ಮಾತ್ರ ಹುಡುಕಿ, ಕಂಡುದನ್ನು ಕೋಟಿಪಾಲು ಹೆಚ್ಚಿಸಿ ತೋರಿಸುತ್ತದೆ. ಒಡೆದ ಕಲ್ಲಿನ ಮೇಲೆ ಉಳಿದ ಎರಡು ಸಾಲುಗಳಿಂದ ಅದು ಯಾವ ವಂಶದ ಶಾಸನವೆಂದು ಗೊತ್ತುಮಾಡಬಹುದು. ಇಡೀ ಶಾಸನವು ಅಖಂಡವಾಗಿದೆಯೆಂದು ಹೇಳಲಾಗದು. ಹಾಗೆಯೇ ಈ ಪರೀಕ್ಷೆಯು ‘ವೈರಾಣುವು ಇಲ್ಲಿಗೆ ಬಂದಿತ್ತು’ ಎಂದು ಸಾಕ್ಷಿ ನುಡಿಯಬಲ್ಲುದು. ‘ಇಂದೂ ಜೀವಂತವಾಗಿ ವೃದ್ಧಿಯಾಗುತ್ತಿದೆ’ ಎಂದು ನುಡಿಯಲಾರದು.

ಜೀವಂತ ವೈರಾಣುವನ್ನು ತಿಳಿಯಬೇಕಾದರೆ ಪ್ರಯೋಗಶಾಲೆಯ ಜೀವಕೋಶಗಳಲ್ಲಿ ಅದನ್ನು ಬೆಳೆಸಿ ನೋಡಬೇಕು. ೨೦೨೦ರಲ್ಲಿ ಜರ್ಮನಿಯವರು ಹೀಗೆ ನೋಡಿದಾಗ, ಲಘುವಾಗಿ ಕಾಯಿಲೆ ಬಿದ್ದವರ ಗಂಟಲಿನ ದ್ರವದಿಂದ ಎಂಟನೆಯ ದಿನದ ಅನಂತರ ವೈರಾಣು ಬೆಳೆಯಲಿಲ್ಲ, ಮಲದಲ್ಲಿ ಆರ್.ಎನ್.ಎ. ಹೇರಳವಾಗಿದ್ದರೂ ಅದರಿಂದ ಒಮ್ಮೆಯೂ ಬೆಳೆಯಲಿಲ್ಲ. ಬೇರೆ ಕಡೆಗಳಲ್ಲಿ ಮಲದಿಂದ ಜೀವಂತ ವೈರಾಣುವನ್ನು ಪಡೆದುದುಂಟು. ಆದರೆ ಅದು ಅಪೂರ್ವ. ಇನ್ಸ್‌ಬ್ರುಕ್ಕಿನವರು ತಮ್ಮ ರೋಗಿಗಳ ಕರುಳಿನ ತುಣುಕುಗಳಿಂದ ವೈರಾಣುವನ್ನು ಬೆಳೆಸಲು ಪ್ರಯತ್ನಿಸಿ ವಿಫಲರಾದರು.

ಇದಕ್ಕೆ ವೈರಾಣುವಿನ ರಚನೆಯೂ ಕಾರಣ. ಕೊರೋನಾ ಜಾತಿಯ ವೈರಾಣುಗಳಿಗೆ ಕೊಬ್ಬಿನ ಒಂದು ತೆಳುವಾದ ಹೊದಿಕೆ ಇದೆ. ಸಾಬೂನು ಆ ಹೊದಿಕೆಯನ್ನು ಕರಗಿಸುವಂತೆಯೇ, ಕೊಬ್ಬನ್ನು ಅರಗಿಸುವುದಕ್ಕಾಗಿಯೇ ಇರುವ ಪಿತ್ತರಸವೂ ಅದನ್ನು ಕೆಡಿಸಬಲ್ಲುದು. ಕರುಳಿನ ಕೋಶಗಳಿಂದ ಹೊರಬಿದ್ದ ವೈರಾಣುವು ದೊಡ್ಡ ಕರುಳಿನ ರಸದಲ್ಲಿ ಬೇಗನೆ ಶಕ್ತಿಗುಂದುತ್ತದೆಂಬುದು ೨೦೨೦ರ ಪ್ರಯೋಗಗಳಿಂದ ತಿಳಿದುಬಂದಿದೆ. ಪೋಲಿಯೊ ವೈರಾಣುವಿನ ಸ್ವಭಾವ ಇದಕ್ಕೆ ವಿರುದ್ಧ. ಅದಕ್ಕೆ ಹೊದಿಕೆಯಿಲ್ಲ, ಆಮ್ಲವನ್ನೂ ಪಿತ್ತವನ್ನೂ ತಡೆದುಕೊಂಡು ಮಲದಲ್ಲಿ ಜೀವಂತವಾಗಿಯೇ ಹೊರಬೀಳುತ್ತದೆ. ರೋಗನಿರೋಧಕ ಶಕ್ತಿ ಹುಟ್ಟಿನಿಂದಲೇ ಕುಂದಿದ್ದ ಇಂಗ್ಲೆಂಡಿನ ಒಬ್ಬನು, ಲಸಿಕೆಯಿಂದ ಬಂದ ಪೋಲಿಯೊ ವೈರಾಣುವನ್ನು ೨೮ ವರ್ಷಗಳ ಕಾಲ ಮಲದಲ್ಲಿ ಬಿಡುತ್ತಿದ್ದನೆಂದು ೨೦೧೫ರಲ್ಲಿ ಪ್ರಕಟವಾಗಿದೆ. ‘ಕರುಳಿನಲ್ಲಿ ಉಳಿಯಿತು’ ಎಂಬ ಒಂದೇ ವಾಕ್ಯವು ಎರಡು ವೈರಾಣುಗಳ ವಿಷಯದಲ್ಲಿ ಎರಡು ಬೇರೆ ಅರ್ಥಗಳನ್ನು ಕೊಡುತ್ತದೆಂಬುದನ್ನು ಇಲ್ಲಿ ಗಮನಿಸಬೇಕು.

ಹಾಗಾದರೆ ಈ ಶೇಷವು ನಿರುಪದ್ರವಿಯೆ? ಅಷ್ಟು ಸುಲಭವಾಗಿಯೂ ಹೇಳಲಾಗದು. ಇನ್ಸ್‌ಬ್ರುಕ್, ಬೀಜಿಂಗ್ ಈ ಎರಡು ಕಡೆಗಳಲ್ಲಿಯೂ ಶೇಷವುಳ್ಳವರಲ್ಲಿ ಆಯಾಸ ಮೊದಲಾದ ದೀರ್ಘಕಾಲದ ಲಕ್ಷಣಗಳು ಹೆಚ್ಚಾಗಿ ಕಂಡುಬಂದುವು. ಇದು ಸಾಹಚರ್ಯವೇ ಹೊರತು ಕಾರ್ಯಕಾರಣಸಂಬಂಧವೆಂದು ಸಿದ್ಧವಾಗಿಲ್ಲ. ಇನ್ನೊಂದು ಕಡೆ, ನ್ಯೂಯಾರ್ಕಿನವರು ಶೇಷದಿಂದ ಒಂದು ಉಪಕಾರವೂ ಉಂಟೆಂದು ಸೂಚಿಸಿದ್ದಾರೆ. ಉಳಿದ ಪ್ರೋಟೀನನ್ನು ಮತ್ತೆ ಮತ್ತೆ ಕಂಡು ದೇಹದ ಪ್ರತಿಕಾಯಗಳು ತಿಂಗಳುಗಳ ಮೇಲೂ ಹರಿತವಾಗುತ್ತ ಹೋಗುತ್ತವೆಂಬುದು ಅವರ ಅಭಿಪ್ರಾಯ.

೪. ಶಸ್ತ್ರಚಿಕಿತ್ಸೆಯ ಅಪಾಯವು ಎಲ್ಲಿದೆ?

ಜೀರ್ಣಮಾರ್ಗದ ವೈರಾಣುವಿಗೂ ಶಸ್ತ್ರಚಿಕಿತ್ಸೆಯ ಕಾಲಕ್ಕೂ ಇರುವ ಸಂಬಂಧವು ವೈದ್ಯರಿಗೆ ಹೊಸದಲ್ಲ. ಇಪ್ಪತ್ತನೆಯ ಶತಮಾನದ ಪೂರ್ವಾರ್ಧದಲ್ಲಿ ಪಾಶ್ಚಾತ್ಯ ದೇಶಗಳಲ್ಲಿ ಪೋಲಿಯೊ ಹರಡುತ್ತಿದ್ದ ಋತುಗಳಲ್ಲಿ ಮಕ್ಕಳ ಟಾನ್ಸಿಲ್ ಗ್ರಂಥಿಗಳನ್ನು ತೆಗೆಸಿದರೆ, ನುಂಗುವುದಕ್ಕೂ ಉಸಿರಿಗೂ ಧಕ್ಕೆ ತರುವ ಘೋರವಾದ ಬಗೆಯ ಪೋಲಿಯೊ ಬರುವುದು ಹೆಚ್ಚೆಂದು ಕಂಡುಬಂದಿತು. ಗಂಟಲಿನಲ್ಲಿದ್ದ ಜೀವಂತ ವೈರಾಣುವು ಗಾಯದ ನರಗಳ ಮೂಲಕ ಮೆದುಳಿನ ಬುಡವನ್ನು ಸೇರುತ್ತಿದ್ದುದೇ ಅದಕ್ಕೆ ಕಾರಣವೆಂದು ತಿಳಿಯಲಾಯಿತು. ಆದುದರಿಂದ ಅಂತಹ ಋತುಗಳಲ್ಲಿ ಈ ಶಸ್ತ್ರಚಿಕಿತ್ಸೆಯನ್ನು ಮುಂದಕ್ಕೆ ಹಾಕುವ ಪದ್ಧತಿಯು ನೆಲೆಗೊಂಡಿತು. ಅಲ್ಲಿ ಅಪಾಯವು ವೈರಾಣುವು ಇದ್ದ ಜಾಗದಿಂದಲೇ ಹುಟ್ಟುತ್ತಿತ್ತು.

ಕೋವಿಡ್ಡಿನಲ್ಲಿ ಅಪಾಯದ ಮೂಲ ಬೇರೆ. ೨೦೨೦ರ ಮೊದಲ ಮೂರು ತಿಂಗಳಲ್ಲಿ ೨೪ ದೇಶಗಳಲ್ಲಿ ಶಸ್ತ್ರಚಿಕಿತ್ಸೆಯ ಆಸುಪಾಸಿನ ದಿನಗಳಲ್ಲಿಯೇ ಸೋಂಕು ತಗಲಿದ್ದ ೧,೧೨೮ ಮಂದಿಯ ಲೆಕ್ಕವನ್ನು ಒಂದು ಅಂತರರಾಷ್ಟ್ರೀಯ ವೈದ್ಯಮಂಡಲಿಯು ತೆಗೆಯಿತು. ಅವರಲ್ಲಿ ನೂರಕ್ಕೆ ೨೩.೮ ಮಂದಿ ಮೂವತ್ತು ದಿನಗಳೊಳಗೆ ಮೃತರಾದರು. ಅರ್ಧಕ್ಕಿಂತ ಸ್ವಲ್ಪ ಹೆಚ್ಚು ಮಂದಿಗೆ ಶ್ವಾಸಕೋಶದ ತೊಡಕುಗಳುಂಟಾದುವು. ಸೋಂಕಿನ ಕಾಲದಲ್ಲಿ ಶ್ವಾಸಕೋಶಗಳು ಉರಿತದಿಂದ ಬಳಲಿರುತ್ತವೆ. ರಕ್ತವು ಹೆಪ್ಪುಗಟ್ಟುವ ಪ್ರವೃತ್ತಿ ಹೆಚ್ಚಿರುತ್ತದೆ. ಅದರ ಮೇಲೆ ಅರಿವಳಿಕೆ, ಕೃತಕಶ್ವಾಸ, ಗಾಯ ಇವುಗಳ ಭಾರವೂ ಬಿದ್ದರೆ ದೇಹವು ತಾಳಲಾರದು. ಕರುಳಿನಲ್ಲಿ ವೈರಾಣುವಿನ ತುಣುಕು ಇದೆಯೆ ಇಲ್ಲವೆ ಎಂಬುದಕ್ಕಿಂತ ಇಡೀ ದೇಹವು ಚೇತರಿಸಿಕೊಂಡಿದೆಯೆ ಇಲ್ಲವೆ ಎಂಬುದೇ ಇಲ್ಲಿ ಮುಖ್ಯವಾಗುತ್ತದೆ.

ಅದೇ ಮಂಡಲಿಯವರು ೨೦೨೧ರಲ್ಲಿ ೧೧೬ ದೇಶಗಳ ೧,೪೦,೨೩೧ ಮಂದಿ ರೋಗಿಗಳ ವಿವರಗಳನ್ನು ಪ್ರಕಟಿಸಿದರು. ಸೋಂಕೇ ಆಗದಿದ್ದವರಲ್ಲಿ ಶಸ್ತ್ರಚಿಕಿತ್ಸೆಯ ಅನಂತರದ ಮೂವತ್ತು ದಿನಗಳ ಮರಣಪ್ರಮಾಣವು ನೂರಕ್ಕೆ ೧.೫. ಸೋಂಕಾಗಿ ಎರಡು ವಾರಗಳೊಳಗೆ ಚಿಕಿತ್ಸೆಗೊಳಗಾದವರಲ್ಲಿ ೪.೧, ಮೂರು ನಾಲ್ಕನೆಯ ವಾರಗಳಲ್ಲಿ ೩.೯, ಐದು ಆರನೆಯ ವಾರಗಳಲ್ಲಿ ೩.೬, ಏಳು ವಾರಗಳು ಕಳೆದ ಮೇಲೆ ಮತ್ತೆ ೧.೫. ಏಳು ವಾರಗಳು ಕಳೆದರೂ ಲಕ್ಷಣಗಳು ಬಿಡದೆ ಕಾಡುತ್ತಿದ್ದವರಲ್ಲಿ ಮಾತ್ರ ಅದು ೬.೦ಕ್ಕೆ ಏರಿತ್ತು. ಈ ಅಂಕಿಗಳನ್ನು ಬೀಜಿಂಗಿನ ಅಂಕಿಗಳ ಪಕ್ಕದಲ್ಲಿಟ್ಟು ನೋಡಿದರೆ ಒಂದು ತತ್ತ್ವವು ಹೊಳೆಯುತ್ತದೆ. ಎರಡು ತಿಂಗಳಾದರೂ ಅಂಗಾಂಶಗಳಲ್ಲಿ ನಾಲ್ಕರಲ್ಲೊಂದು ಪಾಲಿಗಿಂತ ಹೆಚ್ಚು ಗುರುತನ್ನು ಇಟ್ಟುಕೊಂಡಿರುತ್ತವೆ. ಆದರೆ ಏಳು ವಾರಗಳಿಗೇ ಮರಣದ ಅಪಾಯವು ಸಾಮಾನ್ಯಮಟ್ಟಕ್ಕೆ ಇಳಿದಿರುತ್ತದೆ. ಶೇಷದ ಆಯುಸ್ಸಿಗೂ ಅಪಾಯದ ಆಯುಸ್ಸಿಗೂ ಸಮಾನತೆಯಿಲ್ಲ.

ಏಳು ವಾರಗಳ ಈ ಗಡುವೂ ಶಾಶ್ವತವಾದುದಲ್ಲ. ಆ ಲೆಕ್ಕವನ್ನು ತೆಗೆದುದು ಲಸಿಕೆ ಬರುವುದಕ್ಕೆ ಮುಂಚೆ, ೨೦೨೦ರ ಅಕ್ಟೋಬರ್ ತಿಂಗಳಿನಲ್ಲಿ. ಭಾರತದಲ್ಲಿ ಲಸಿಕೆ ಆರಂಭವಾದುದು ೨೦೨೧ರ ಜನವರಿ ೧೬ರಂದು. ಲಸಿಕೆಯೂ ವೈರಾಣುವಿನ ಸೌಮ್ಯವಾದ ತಳಿಗಳೂ ಬಂದ ಮೇಲೆ ಅಮೆರಿಕದ ಅರಿವಳಿಕೆ ವೈದ್ಯರ ಸಂಘದವರು ೨೦೨೩ರಲ್ಲಿ ಈ ಗಡುವನ್ನು ಪರಿಷ್ಕರಿಸಿ, ಎರಡು ವಾರಗಳವರೆಗೆ ಕಾಯತಕ್ಕದ್ದೆಂದೂ, ಎರಡರಿಂದ ಏಳು ವಾರಗಳ ನಡುವೆ ರೋಗಿಯ ವಯಸ್ಸು, ಲಕ್ಷಣ, ಇತರ ವ್ಯಾಧಿಗಳು, ಶಸ್ತ್ರಚಿಕಿತ್ಸೆಯ ಗುರುಲಘುತ್ವ ಇವುಗಳನ್ನು ತೂಗಿ ನಿರ್ಣಯಿಸತಕ್ಕದ್ದೆಂದೂ ಸೂಚಿಸಿದರು.

ಇನ್ನು ವೈದ್ಯನ ಮತ್ತು ದಾದಿಯರ ಕ್ಷೇಮದ ಮಾತು. ವಿದ್ಯುತ್ತಿನಿಂದ ಅಂಗಾಂಶವನ್ನು ಸುಟ್ಟು ಕತ್ತರಿಸುವಾಗ ಏಳುವ ಹೊಗೆಯಲ್ಲಿಯೂ, ಲ್ಯಾಪರೊಸ್ಕೋಪಿನ ಚಿಕಿತ್ಸೆಯಲ್ಲಿ ಹೊಟ್ಟೆಯೊಳಗೆ ತುಂಬಿದ ಅನಿಲದಲ್ಲಿಯೂ ವೈರಾಣು ತೇಲಿಬರಬಹುದೆಂಬ ಶಂಕೆ ೨೦೨೦ರಲ್ಲಿ ಬಲವಾಗಿತ್ತು. ಇದಕ್ಕೆ ಆಧಾರವೂ ಇತ್ತು. ಕೊರಿಯಾದೇಶದಲ್ಲಿ ೨೦೧೬ರಲ್ಲಿ ಹೆಪಟೈಟಿಸ್ ಬಿ ಉಳ್ಳ ೧೧ ಮಂದಿಯ ಚಿಕಿತ್ಸೆಯ ಹೊಗೆಯನ್ನು ಪರೀಕ್ಷಿಸಿದಾಗ ೧೦ರಲ್ಲಿ ಆ ವೈರಾಣುವಿನ ಅಂಶವು ದೊರೆತಿತ್ತು. ಆದರೆ ಕೋವಿಡ್ ವೈರಾಣುವು ಈ ದಾರಿಯಿಂದ ವೈದ್ಯರಿಗೆ ತಗಲಿತೆಂಬುದಕ್ಕೆ ಪ್ರಮಾಣವು ದೊರೆತಿಲ್ಲ. ಹೊಗೆಯನ್ನು ಹೀರುವ ಯಂತ್ರ, ಅನಿಲವನ್ನು ಸೋಸಿ ಹೊರಬಿಡುವ ಏರ್ಪಾಡು, ಬಿಗಿಯಾದ ಮುಖವಸ್ತ್ರ ಇವು ಹೇಗೂ ಇರಬೇಕಾದ ಎಚ್ಚರಿಕೆಗಳು. ಹೊಗೆಯು ಬೇರೆ ಕಾರಣಗಳಿಂದಲೂ ಕೆಡುಕಿನದೇ. ರೋಗಿಗೆ ಕೊಳವೆಯಿಟ್ಟು ಉಸಿರಾಡಿಸುವ ಸಮಯದಲ್ಲಿ ಗಂಟಲಿನಿಂದ ಬರುವ ಹನಿಗಳ ಭಯವೇ ಹೊಟ್ಟೆಯೊಳಗಿನ ಶೇಷದ ಭಯಕ್ಕಿಂತ ಹೆಚ್ಚಿನದು.

೫. ಕೋಲಾರ ಸೀಮೆಗೆ ಇದರ ಅನ್ವಯ

ಮಾಲೂರು, ಮುಳಬಾಗಿಲು, ಶ್ರೀನಿವಾಸಪುರಗಳಲ್ಲಿ ತಾಲ್ಲೂಕು ಸಾರ್ವಜನಿಕ ಆಸ್ಪತ್ರೆಗಳಿವೆ. ಕೋಲಾರದಲ್ಲಿ ಶ್ರೀ ನರಸಿಂಹರಾಜ ಜಿಲ್ಲಾ ಆಸ್ಪತ್ರೆಯೂ, ಮೆಥೊಡಿಸ್ಟ್ ಮಿಷನ್ನಿನವರು ಇಪ್ಪತ್ತನೆಯ ಶತಮಾನದ ಆದಿಭಾಗದಲ್ಲಿ ಕಟ್ಟಿದ ಆಸ್ಪತ್ರೆಯೂ, ಟಮಕದಲ್ಲಿ ೧೯೮೬ರಲ್ಲಿ ಸ್ಥಾಪಿತವಾದ ಶ್ರೀ ದೇವರಾಜ ಅರಸು ವೈದ್ಯಕೀಯ ಕಾಲೇಜಿಗೆ ಸೇರಿದ ಆರ್. ಎಲ್. ಜಾಲಪ್ಪ ಆಸ್ಪತ್ರೆಯೂ ಇವೆ. ತಾಲ್ಲೂಕಿನ ಊರುಗಳಿಂದ ದೊಡ್ಡ ಶಸ್ತ್ರಚಿಕಿತ್ಸೆಗೆಂದು ಹೊರಟವರು ಮೂವತ್ತು ಕಿಲೋಮೀಟರುಗಳ ಆಸುಪಾಸಿನ ದಾರಿ ಸವೆಸಿ ಕೋಲಾರಕ್ಕೆ ಬರಬೇಕು, ಇಲ್ಲವೆ ಬೆಂಗಳೂರಿಗೆ ಹೋಗಬೇಕು. ಕೂಲಿನಾಲಿ ಮಾಡುವವನಿಗೆ ‘ಇನ್ನೊಂದು ಪರೀಕ್ಷೆ ಶುದ್ಧವಾದ ಮೇಲೆ ಬಾ’ ಎಂದು ಹೇಳುವುದು ಒಂದು ದಿನದ ಸಂಪಾದನೆಯ ಪ್ರಶ್ನೆ, ಅನೇಕ ವೇಳೆ ಚಿಕಿತ್ಸೆಯನ್ನೇ ಕೈಬಿಡುವ ಪ್ರಶ್ನೆ. ಅದರಲ್ಲಿಯೂ ಮೂಗಿನ ಪರೀಕ್ಷೆಯು ಗುಣಹೊಂದಿದ ಮೇಲೆ ಮೂರು ತಿಂಗಳವರೆಗೂ ಸುಮ್ಮನೆ ‘ಉಂಟು’ ಎಂದು ತೋರಿಸಬಹುದಾದುದರಿಂದ, ಪರೀಕ್ಷೆಯ ಶುದ್ಧಿಯನ್ನೇ ಕಾಯುತ್ತ ಕೂರುವುದು ಯುಕ್ತಿಯುಕ್ತವಲ್ಲ.

ಆದುದರಿಂದ ಚಿಕಿತ್ಸೆಗಳನ್ನು ಮೂರಾಗಿ ವಿಂಗಡಿಸಿಕೊಳ್ಳುವುದು ಸೂಕ್ತ. ಸಿಡಿಯುವ ಸ್ಥಿತಿಯ ಅಪೆಂಡಿಕ್ಸ್, ತೂತುಬಿದ್ದ ಕರುಳು, ಸಿಕ್ಕಿಕೊಂಡ ಹರ್ನಿಯ, ಬಾಣಂತಿಯ ಪ್ರಾಣಸಂಕಟ ಇವುಗಳಲ್ಲಿ ಯಾವ ಶೇಷವೂ ಕಾಯುವುದಕ್ಕೆ ಕಾರಣವಾಗಲಾರದು. ಪರೀಕ್ಷೆ ಇಲ್ಲವೆಂದು ತುರ್ತುಚಿಕಿತ್ಸೆಯನ್ನು ತಡಮಾಡಕೂಡದೆಂದೂ, ಲಕ್ಷಣಗಳಿಲ್ಲದವರನ್ನು ಶಸ್ತ್ರಚಿಕಿತ್ಸೆಗೆ ಮುಂಚೆ ಅವಶ್ಯವಿಲ್ಲದೆ ಪರೀಕ್ಷಿಸಬೇಕಾಗಿಲ್ಲವೆಂದೂ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯು ೨೦೨೨ರ ಜನವರಿಯಲ್ಲಿಯೇ ತಿಳಿಸಿದೆ. ಕರುಳಿನ ಅರ್ಬುದದಂತಹ ರೋಗಗಳಲ್ಲಿ ತಡವಾದಷ್ಟೂ ಹಾನಿ. ಅಲ್ಲಿ ವಾರಗಳ ಲೆಕ್ಕವನ್ನು ವೈದ್ಯನೂ ರೋಗಿಯೂ ಕೂಡಿ ತೂಗಬೇಕು. ನೋವು ಕೊಡದ ಪಿತ್ತಕೋಶದ ಕಲ್ಲು, ಸಾಧಾರಣ ಹರ್ನಿಯ, ಮೂಲವ್ಯಾಧಿ ಮೊದಲಾದುವುಗಳಲ್ಲಿ ಕಾಯುವುದರಿಂದ ನಷ್ಟವಿಲ್ಲ. ಮೆಟ್ಟಿಲು ಹತ್ತಿದರೆ ಏದುಸಿರು ಬರುತ್ತಿರುವವನು ಅದು ಹೋಗುವವರೆಗೂ ಕಾಯುವುದೇ ಲೇಸು. ರೋಗಿಯು ತನಗೆ ಸೋಂಕಾಗಿದ್ದ ತಿಂಗಳನ್ನೂ ಈಗ ಉಳಿದಿರುವ ಲಕ್ಷಣಗಳನ್ನೂ ಮರೆಮಾಚದೆ ಹೇಳಿದರೆ, ಅದು ಎಷ್ಟೋ ಪರೀಕ್ಷೆಗಳಿಗಿಂತ ಹೆಚ್ಚಿನ ಬೆಳಕನ್ನು ಕೊಡುತ್ತದೆ.

ಕರುಳಿನ ಶೇಷವು ಮಲದೊಡನೆ ಹೊರಹೋಗುವುದಷ್ಟೆ. ಆದುದರಿಂದ ಈ ಸೀಮೆಯಲ್ಲಿ ಅದಕ್ಕೆ ನೀರಿನ ಸಂಬಂಧವೊಂದು ಒದಗಿದೆ. ಬೆಂಗಳೂರಿನ ಕೋರಮಂಗಲ–ಚಲ್ಲಘಟ್ಟ ಕಣಿವೆಯ ಕೊಳಚೆನೀರನ್ನು ಎರಡು ಹಂತಗಳಲ್ಲಿ ಶುದ್ಧಿಮಾಡಿ, ಕೋಲಾರ, ಮಾಲೂರು, ಮುಳಬಾಗಿಲು, ಶ್ರೀನಿವಾಸಪುರ ಮೊದಲಾದ ತಾಲ್ಲೂಕುಗಳ ಕೆರೆಗಳಿಗೆ ಹರಿಸುವ ಕೆ.ಸಿ. ವ್ಯಾಲಿ ಯೋಜನೆಯು ೨೦೧೮ರಲ್ಲಿ ಆರಂಭವಾಯಿತು. ದಿನಕ್ಕೆ ೪೪ ಕೋಟಿ ಲೀಟರು ನೀರು, ೧೨೬ ಕೆರೆಗಳು ಎಂಬುದು ಅದರ ಮೊದಲ ಹಂತದ ಗುರಿ. ನೀರು ಬಂದ ಮೊದಲ ವರ್ಷವೇ ಕೆರೆಯಲ್ಲಿ ನೊರೆ ಕಂಡು ಜನರು ನ್ಯಾಯಾಲಯದ ಮೆಟ್ಟಿಲೇರಿದರು. ಮೂರನೆಯ ಹಂತದ ಶುದ್ಧೀಕರಣವೂ ಬೇಕೆಂಬ ಬೇಡಿಕೆ ಅಂದಿನಿಂದ ಕೇಳಿಬರುತ್ತಿದೆ. ಬೆಂಗಳೂರಿನ ಕೊಳಚೆಯಲ್ಲಿ ಕೋವಿಡ್ ವೈರಾಣುವಿನ ಆರ್.ಎನ್.ಎ. ದೊರೆತಿರುವುದು ನಿಜ, ೨೦೨೨ರಲ್ಲಿ ನಗರದ ೨೮ ಶುದ್ಧೀಕರಣಕೇಂದ್ರಗಳ ನೀರನ್ನು ಪರೀಕ್ಷಿಸಿ, ರೋಗದ ಏರಿಳಿತವನ್ನೂ ತಳಿಗಳನ್ನೂ ಗುರುತಿಸಿದರು. ಆದರೆ ಮೇಲೆ ಹೇಳಿದಂತೆ ಅದು ಹೊದಿಕೆ ಕೆಟ್ಟ ವೈರಾಣುವಿನ ಗುರುತೇ ಹೊರತು ಸೋಂಕು ತರುವ ಬೀಜವೆಂದು ತಿಳಿಯಲು ಆಧಾರವಿಲ್ಲ. ಕೆರೆಯ ನೀರನ್ನು ಕುರಿತು ಜನರು ಎಚ್ಚರದಿಂದಿರಬೇಕಾದುದು ಹೊದಿಕೆಯಿಲ್ಲದ ಗಟ್ಟಿಮುಟ್ಟಾದ ವೈರಾಣುಗಳಿಂದ, ಅಂದರೆ ಕಾಮಾಲೆಯನ್ನು ತರುವ ಹೆಪಟೈಟಿಸ್ ಎ ಮತ್ತು ಇ, ಮಕ್ಕಳಿಗೆ ಭೇದಿ ತರುವ ರೋಟಾ ಮೊದಲಾದುವುಗಳಿಂದ. ಕೋವಿಡ್ಡಿನ ಹೆಸರು ದೊಡ್ಡದೆಂದು ಈ ಹಳೆಯ ಶತ್ರುಗಳನ್ನು ಮರೆಯುವುದು ವಿವೇಕವಲ್ಲ.

೬. ಉಪಸಂಹಾರ

ಕೋವಿಡ್ ವೈರಾಣುವಿನ ಅಂಶಗಳು ಜೀರ್ಣಾಂಗಗಳಲ್ಲಿ ತಿಂಗಳುಗಟ್ಟಲೆ ಉಳಿಯುತ್ತವೆಂಬುದು ನಿಶ್ಚಯ. ಅವು ಬಹುಮಟ್ಟಿಗೆ ಸೋಂಕುಶಕ್ತಿಯಿಲ್ಲದ ಶೇಷಗಳೆಂಬುದು ಈವರೆಗಿನ ಪ್ರಯೋಗಗಳಿಂದ ಸಂಭಾವ್ಯವಾಗಿದೆ. ಆ ಶೇಷದಿಂದಲೇ ದೀರ್ಘಕಾಲದ ಬಾಧೆಗಳುಂಟಾಗುತ್ತವೆಯೇ ಎಂಬುದು ಇನ್ನೂ ವಿಚಾರಣೆಯಲ್ಲಿರುವ ಪ್ರಶ್ನೆ. ಶಸ್ತ್ರಚಿಕಿತ್ಸೆಯ ಕಾಲವನ್ನು ಗೊತ್ತುಮಾಡತಕ್ಕದ್ದು ಈ ಶೇಷವಲ್ಲ. ಸೋಂಕಾಗಿ ಕಳೆದ ವಾರಗಳು, ಉಳಿದ ಲಕ್ಷಣಗಳು, ಮೂಲರೋಗದ ತೀವ್ರತೆ ಇವು ಮೂರು. ಗಂಗರು ತಲಕಾಡಿಗೆ ಹೋದ ಮೇಲೂ ಅವರ ಬಿರುದಿನಲ್ಲಿ ಕುವಳಾಲಪುರವು ಉಳಿದಂತೆ, ವೈರಾಣುವಿನ ಬಲ ಅಡಗಿದ ಮೇಲೂ ಅದರ ಗುರುತು ಕರುಳಿನಲ್ಲಿ ಉಳಿಯುತ್ತದೆ. ಆ ಗುರುತನ್ನು ಓದಬಲ್ಲ ವೈದ್ಯನು ಅದಕ್ಕೆ ಹೆದರಿ ಮುಳಬಾಗಿಲಿನಿಂದ ಹೊಟ್ಟೆ ಹಿಡಿದುಕೊಂಡು ಬಂದವನನ್ನು ಹಿಂದಕ್ಕೆ ಕಳುಹಿಸುವುದಿಲ್ಲ. ಅದನ್ನು ಕಡೆಗಣಿಸಿ ಇನ್ನೂ ಏದುಸಿರು ಬಿಡುತ್ತಿರುವವನನ್ನು ಆತುರದಿಂದ ಮೇಜಿನ ಮೇಲೆ ಮಲಗಿಸುವುದೂ ಇಲ್ಲ.